ಹಲ್ಲಿನಿಂದ ಮಡಿಸಿದ ಬೂಟು

1996ರಲ್ಲಿ ನಾನು ವಾಷಿಂಗ್ಟನ್ ಹೊರವಲಯದ ಒಂದು ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ಸಹಾಯಕ ಸಂರಕ್ಷಕನಾಗಿದ್ದೆ. ಮೈಸೂರಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದು ಬಂದವನು. ಪುರಾವೆಯಿಲ್ಲದ ಮಾತೆಂದರೆ ಮೈಯುರಿ.

ಅಲಾಸ್ಕದ ಉತ್ತರ ಕರಾವಳಿಯ ಇನ್ಯುಪಿಯಾಟ್ ಸಮುದಾಯದ ಮೇರಿ ಎಂಬ ವೃದ್ಧೆ, ತಮ್ಮ ಪೂರ್ವಿಕರು ಹೊಲಿದ ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಬೂಟುಗಳನ್ನು ನೋಡಲು ಬರುವವರಿದ್ದರು. ಬೂಟಿನಡಿಯ ಅಟ್ಟೆಯ ತುದಿಗೆ ಸಣ್ಣ ಮಡಿಕೆ ಹಾಕುವ ಹಳೆಯ ಕ್ರಮ ಅವರ ಊರಿನಲ್ಲಿ ಮರೆತುಹೋಗುತ್ತಿತ್ತು. ಅದನ್ನು ಕಲಿತುಹೋಗಲು ಅವರಿಗಿದ್ದದ್ದು ಒಂದೇ ದಿನ.

ನಮ್ಮ ಪ್ರಯೋಗಾಲಯದ ರಸಾಯನತಜ್ಞೆ, ಹುಬ್ಬಳ್ಳಿಯ ಶಾಂತಕ್ಕ ಅಡ್ಡಬಂದರು. “ಮೊದಲ ಟೆಸ್ಟ್ ಮಾಡೂಣು. ಹಿಂದಕ ಹುಳ ಹತ್ತಬಾರ್ದಂತ ಚರ್ಮಕ್ಕೆಲ್ಲ ಆರ್ಸೆನಿಕ್ ಹಚ್ತಿದ್ರು. ವಿಷ ಅದು. ಅಲ್ಲೀತನಕ ಗ್ಲವ್ಸ್ ಹಾಕ್ಕೊಳ್ಲಿ.”

“ಬೂಟಿನ ರೆಕಾರ್ಡ್ ಕಾರ್ಡ್‌ನಲ್ಲಿ ಎಲ್ಲಿದೆ, ತೋರಿಸಿ,” ಎಂದೆ.

“ಬರದಿಲ್ಲ ಅಂದ್ರ ಹಚ್ಚಿಲ್ಲ ಅಂತೇನು?”

“ಪ್ರೂವ್ ಮಾಡ್ಬೇಕಾದ್ದು ನೀವು, ಶಾಂತಕ್ಕ. ಬರೀ ಡೌಟ್‌ಗೋಸ್ಕರ ಅವರ ಅರ್ಧ ದಿನ ವೇಸ್ಟ್ ಮಾಡೋಕಾಗಲ್ಲ. ಗ್ಲವ್ಸ್ ಹಾಕಿದ್ರೆ ಹೊಲಿಗೆ ಕೈಗೆ ಹೇಗೆ ಸಿಗುತ್ತೆ?”

“ವಾದ ಗೆದ್ರ ಇಲ್ಲಿ ಯಾರೂ ಕಪ್ ಕೊಡಂಗಿಲ್ಲೋ ತಮ್ಮಾ.”

ಮೇಲಧಿಕಾರಿ ನನ್ನ ಮಾತಿಗೆ ಒಪ್ಪಿದರು.

ಮೇರಿ ಬರಿಗೈಯಲ್ಲಿ ಬೂಟು ಹಿಡಿದು, ಒಂದು ಗಂಟೆ ಮಡಿಕೆಗಳನ್ನು ಸವರುತ್ತ ಕುಳಿತರು. ಯಾವ ಉಪಕರಣದಿಂದ ಮಾಡಿದ್ದೆಂದು ಕೇಳಿದೆ.

“ಹಲ್ಲಿನಿಂದ,” ಎಂದು ನಕ್ಕರು. “ನನ್ನಜ್ಜಿ ದಿನವಿಡೀ ಕಚ್ಚುತ್ತಿದ್ದಳು. ಎಷ್ಟು ಒತ್ತಿ ಕಚ್ಚಿದ್ದಾರೆ ಅಂತ ಬೆರಳಿಗೆ ತಿಳಿಯಲ್ಲ, ಹಲ್ಲಿಗೇ ತಿಳಿಯೋದು, ನೋಡು.” ಬೂಟಿನ ತುದಿಯನ್ನು ಬಾಯಿಯತ್ತ ಎತ್ತಿದರು.

ನಾನು ಕಿರುಚಿ, ಅದನ್ನು ಅವರ ಕೈಯಿಂದ ಕಿತ್ತುಕೊಂಡೆ. ಅವರು ನನ್ನನ್ನೇ ದಿಟ್ಟಿಸಿದರು. ವಿಷವಿಲ್ಲವೆಂದ ಮೇಲೆ ಕಿತ್ತುಕೊಂಡದ್ದೇಕೆ? ನನ್ನ ವಾದವನ್ನು ನಾನೇ ನಂಬಿರಲಿಲ್ಲ.

ಬೂಟು ತುಟಿಗೆ ತಾಗಿರಲಿಲ್ಲ. ಓಡಿಬಂದ ಶಾಂತಕ್ಕ, ಮೇರಿಯ ಕೈಗಳನ್ನು ಸೋಪು ಹಚ್ಚಿ ತೊಳೆಸಿ, ಪರೀಕ್ಷೆಗೆ ಕುಳಿತರು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು: ಆರ್ಸೆನಿಕ್ ಇತ್ತು.

“ನಿನಗೆ ಗೊತ್ತಿತ್ತಾ?” ಮೇರಿ ಕೇಳಿದರು.

“ಇಲ್ಲ. ತಿಳಿದುಕೊಳ್ಳೋಣ ಅಂದವರನ್ನು ವಾದದಲ್ಲಿ ಸೋಲಿಸಿದ್ದೆ.”

ಮೇರಿ ತಮ್ಮ ಚೀಲದಿಂದ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಹೊಸ ಸೀಲ್ ಚರ್ಮದ ತುಂಡೊಂದನ್ನು ತೆಗೆದರು. “ಗ್ಲವ್ಸ್ ಹಾಕಿ ಬೂಟು ಹಿಡಿ. ನಾನು ಹೇಳಿದ ಕಡೆಗೆ ತಿರುಗಿಸು. ಮಾತು ಬೇಡ.”

ಸಂಜೆಯವರೆಗೆ ನಾನು ಬೂಟು ತಿರುಗಿಸಿದೆ. ಅವರು ನೋಡಿ ನೋಡಿ, ತಮ್ಮ ಚರ್ಮವನ್ನು ಮಡಿಕೆ ಮಡಿಕೆಯಾಗಿ ಕಚ್ಚಿದರು. ಕೊನೆಯ ಎರಡು ಮಡಿಕೆ ಸರಿಬರಲಿಲ್ಲ. ಅಷ್ಟರಲ್ಲಿ ಅವರ ವಿಮಾನದ ಹೊತ್ತಾಯಿತು. ಬೆಳಗಿನ ಆ ಒಂದು ಗಂಟೆಯನ್ನು ಪರೀಕ್ಷೆಗೆ ಕೊಟ್ಟಿದ್ದರೆ, ಉತ್ತರವೂ ಬೇಗ ಬರುತ್ತಿತ್ತು, ಮಡಿಕೆಯೂ ಮುಗಿಯುತ್ತಿತ್ತು.

ಪುರಾವೆ ಕೇಳುವುದಕ್ಕೆ ನಾಲಿಗೆ ಸಾಕು, ಹುಡುಕುವುದಕ್ಕೆ ಸಮಯ ಕೊಡಬೇಕು. ಕೊಡದವನು ಸಂಶಯವಾದಿಯಲ್ಲ, ಬರೀ ಜಗಳಗಂಟ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.