ಮುಟ್ಟಿದ್ದನ್ನೂ ನಂಬದ ಬೆರಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ವರ್ಕ್‌ಶಾಪಿನ ಶಟರ್ ಅರ್ಧಕ್ಕೆ ಮೇಲೆದ್ದಿದೆ. ಒಳಗೆ ಒಂಟಿ ದೀಪದ ಕೆಳಗೆ ಹೆಂಗಸೊಬ್ಬರು ಅಂಗೈಯಗಲದ ಎಲೆಕ್ಟ್ರಾನಿಕ್ ಬೋರ್ಡೊಂದನ್ನು ಮುಂದಿಟ್ಟುಕೊಂಡು ಕೂತಿದ್ದಾರೆ. ಅದರ ಮೇಲಿನ ತಾಮ್ರದ ಬಿಲ್ಲೆಗೆ ತೋರುಬೆರಳು ತಾಕಿಸುತ್ತಾರೆ. ಪಕ್ಕದ ಪುಟ್ಟ ದೀಪ ಹತ್ತುತ್ತದೆ. ಬೇರೆಯವರಾಗಿದ್ದರೆ ಸರಿ ಎಂದು ಬದಿಗಿಡುತ್ತಿದ್ದರು. ಇವರು ಬೆರಳನ್ನು ಒರೆಸಿಕೊಂಡು ಮತ್ತೆ ಮುಟ್ಟುತ್ತಾರೆ. ತೇವ ಮಾಡಿಕೊಂಡು ಮುಟ್ಟುತ್ತಾರೆ. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡು, ಕಳ್ಳನನ್ನು ಕಾಯುವವರಂತೆ ಸುಮ್ಮನೆ ನೋಡುತ್ತಾರೆ.

"ಹತ್ತಿತು ಅಂದ ಮಾತ್ರಕ್ಕೆ ನೆಟ್ಟಗಿದೆ ಅಂತಲ್ಲ. ನಾನು ಮುಟ್ಟಿದ್ದಕ್ಕೇ ಹತ್ತಿತಾ, ಅದರ ಪಾಡಿಗೆ ಅದು ಹತ್ತಿತಾ, ಅದು ಗೊತ್ತಾಗಬೇಕು" ಎನ್ನುತ್ತಾರೆ.

ವರ್ಕ್‌ಶಾಪಿನಲ್ಲಿ ಎಲ್ಲರೂ ಇವರನ್ನು ಅನುಮಾನದಕ್ಕ ಎಂದೇ ಕರೆಯುತ್ತಾರೆ. ಅಕ್ಕನಿಗೆ ಅದರಿಂದ ಬೇಸರವಿಲ್ಲ. ಹೊಸ ಉಪಕರಣ ಕಟ್ಟುವವರು ಮೊದಲು ಪ್ರಯೋಗ ಮಾಡಿ ನೋಡುವ ಸಣ್ಣ ಬೋರ್ಡುಗಳನ್ನು ಇಲ್ಲಿ ಜೋಡಿಸುತ್ತಾರೆ. ಅವುಗಳಲ್ಲಿರುವುದು ಒತ್ತುವ ಗುಂಡಿಯಲ್ಲ, ಮುಟ್ಟುವ ಗುಂಡಿ. ಬೆರಳು ತಾಕಿದಾಗ ಬಿಲ್ಲೆಯ ವಿದ್ಯುತ್ತಿನಲ್ಲಿ ಆಗುವ ಚೂರು ಏರುಪೇರನ್ನು ಒಳಗಿನ ಚಿಪ್ ಗುರುತಿಸುತ್ತದೆ. ದಿನಕ್ಕೆ ನೂರರ ಆಸುಪಾಸು ಬೋರ್ಡು ಅಕ್ಕನ ಕೈ ದಾಟಿ ಹೊರಗೆ ಹೋಗುತ್ತವೆ. ಸಂಜೆಯ ಹೊತ್ತಿಗೆ ಬೆರಳ ತುದಿ ಜೋಮು ಹಿಡಿಯುತ್ತದೆ.

ಇದಕ್ಕೆ ಮುಂಚೆ ಅಕ್ಕ ಇದ್ದದ್ದು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ. ಅಲ್ಲಿಯೂ ಇವರದು ಗುಂಡಿ ನೋಡುವ ಕೆಲಸವೇ. ಆ ಕಾರ್ಖಾನೆ ಬಾಗಿಲು ಹಾಕಿದಾಗ ನಾದಿನಿ, ಅಂದರೆ ಗಂಡನ ತಂಗಿ, ತಾನು ಬೆಸುಗೆ ಹಾಕುತ್ತಿದ್ದ ಈ ವರ್ಕ್‌ಶಾಪಿಗೆ ಕರೆತಂದಳು. "ಅಲ್ಲಿ ಗುಂಡಿ ಎಳೆದು ನೋಡ್ತಿದ್ದೆ, ಕಿತ್ತು ಬಂದರೆ ದಾರ ಸರಿ ಇಲ್ಲ ಅಂತ. ಇಲ್ಲಿ ಎಳೆಯೋಣ ಅಂದರೆ ಏನೂ ಇಲ್ಲ" ಎಂದು ನಗುತ್ತಾರೆ. ಕೆಲಸ ಕೊಡಿಸಿದವಳು ನಾದಿನಿ. ಆ ನಾದಿನಿಯ ಮೇಲೇ ಅನುಮಾನ ಪಡುವ ಹೊತ್ತು ಬಂತು ನೋಡಿ, ಆ ಕಥೆಯನ್ನು ಹೇಳುವಾಗ ಮಾತ್ರ ಅಕ್ಕ ನಗುವುದಿಲ್ಲ.

ಊರಿನ ಇನ್ನೊಂದು ತುದಿಯಲ್ಲಿ ಎದ್ದು ಓಡಾಡಲಾಗದವರನ್ನು ನೋಡಿಕೊಳ್ಳುವ ಮನೆಯೊಂದಿದೆ. ಅವರು ಈ ಬೋರ್ಡನ್ನೇ ಕರೆಗಂಟೆಯಾಗಿ ಮಾಡಿಕೊಂಡಿದ್ದರು. ಗುಂಡಿ ಅದುಮಲು ಬಲವಿಲ್ಲದವರೂ ಬೆರಳು ತಾಕಿಸಿದರೆ ಸಾಕು, ದಾದಿಯ ಕೋಣೆಯಲ್ಲಿ ಗಂಟೆ ಬಾರಿಸುತ್ತಿತ್ತು. ಒಂದು ದಿನ ಅದು ಬಾರಿಸಲಿಲ್ಲ. ಅರ್ಧ ಮೈ ಸ್ವಾಧೀನ ತಪ್ಪಿದ, ಕೂಗಲು ದನಿಯೂ ಇಲ್ಲದ ಅಜ್ಜಿಯೊಬ್ಬರು ಮುಟ್ಟಿ ಮುಟ್ಟಿ ಸೋತು, ನೀರಿನ ಲೋಟಕ್ಕೆ ಕೈ ಚಾಚಲು ಹೋಗಿ ಮಂಚದಿಂದ ಬಿದ್ದರು. ಮೈಯಡಿ ಸಿಕ್ಕ, ಸ್ವಾಧೀನವಿಲ್ಲದ ಕೈಯ ಮಣಿಕಟ್ಟು ಮುರಿಯಿತು.

ಬೋರ್ಡು ವಾಪಸ್ ಬಂತು. ವರ್ಕ್‌ಶಾಪಿನ ಮೇಜಿನ ಮೇಲೆ ಅದು ಏನೂ ಆಗಿಲ್ಲವೆಂಬಂತೆ ಕೆಲಸ ಮಾಡಿತು. ಅಲ್ಲಿಂದ ಶುರುವಾಯಿತು ಗುಸುಗುಸು. ಅವರೇ ಸುಳ್ಳು ಹೇಳುತ್ತಿದ್ದಾರೆ ಎಂದು ಇಲ್ಲಿಯವರು, ಕಳಪೆ ಮಾಲು ಮಾರಿದಿರಿ ಎಂದು ಅಲ್ಲಿಯವರು. ವರ್ಕ್‌ಶಾಪಿನ ಯಜಮಾನರು ಬೋರ್ಡನ್ನು ತಿರುಗಿಸಿ ನೋಡಿ, ಬೆಸುಗೆ ಹಾಕಿದಾಗ ಉಳಿಯುವ ಅಂಟನ್ನು ಸರಿಯಾಗಿ ತೊಳೆದಂತಿಲ್ಲ, ಗುಂಡಿ ಒಮ್ಮೊಮ್ಮೆ ಕೈಕೊಡುವುದು ಅದಕ್ಕೇ ಇರಬಹುದು ಎಂದರು. ತೊಳೆಯುವುದು ನಾದಿನಿಯ ಕೆಲಸ. ವಿಷಯ ತಿಳಿಯಾಗುವ ತನಕ ಅವಳು ಬೆಸುಗೆಯ ಮೇಜಿಗೆ ಬರುವುದು ಬೇಡ ಎಂದೂ ಹೇಳಿದರು.

ಅಕ್ಕ ಅವಳ ಪರ ನಿಲ್ಲಲಿಲ್ಲ. ತನ್ನ ಮಗಳಿಗೆ ಜ್ವರ ಬಂದಿದ್ದ ವಾರದಲ್ಲಿ ನಾದಿನಿ ಗಡಿಬಿಡಿಯಿಂದ ಬೋರ್ಡುಗಳ ತಟ್ಟೆ ಎತ್ತಿಟ್ಟು ಮನೆಗೆ ಓಡಿದ್ದು ಅವರ ಕಣ್ಣಲ್ಲಿತ್ತು. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಊಟಕ್ಕೆ ಕೂತಾಗ ಇವರು ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಅದನ್ನು ಗಮನಿಸದೇ ಇರಲಿಲ್ಲ.

"ಅತ್ತಿಗೆ, ನಿಮಗೂ ನನ್ನ ಮೇಲೇ ಅನುಮಾನನಾ?" ಎಂದು ನೇರವಾಗಿ ಕೇಳಿಬಿಟ್ಟಳು.

"ಹೂಂ" ಎಂದರು ಅಕ್ಕ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

ನಾದಿನಿ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಅನುಮಾನ ಪಡುವುದಾದರೆ ಪೂರ್ತಿ ಪಡಿ, ಅರ್ಧಕ್ಕೆ ಬಿಡಬೇಡಿ ಎಂದಳಂತೆ. ಮರುದಿನ ಯಜಮಾನರ ಎದುರಿಗೇ ಆ ಬೋರ್ಡನ್ನು ಮೊದಲು ಇದ್ದ ಹಾಗೇ ನೋಡಿದರು, ಆಮೇಲೆ ಚೊಕ್ಕವಾಗಿ ತೊಳೆದು ನೋಡಿದರು. ಎರಡು ಸಲವೂ ಒಂದೇ ಥರ, ಮುಟ್ಟಿದಾಗಲೆಲ್ಲ ದೀಪ. ಅಂಟಿನದು ತಪ್ಪಲ್ಲ ಎಂದಾಯಿತು. ಹಾಗಾದರೆ ಯಾರದು? ಅಕ್ಕನ ಅನುಮಾನ ಈಗ ತಮ್ಮ ಪರೀಕ್ಷೆಯ ಕಡೆಗೇ ತಿರುಗಿತು.

ಅತ್ತಿಗೆ ನಾದಿನಿ ಇಬ್ಬರೂ ಬೋರ್ಡು ಹಿಡಿದು ಅಜ್ಜಿ ಇದ್ದ ಮನೆಗೆ ಹೋದರು. ಬಾಗಿಲಲ್ಲೇ ಅಜ್ಜಿಯನ್ನು ನೋಡಿಕೊಳ್ಳುವ ಸಹಾಯಕ ಮುಖ ಸಿಂಡರಿಸಿದ. ತಪ್ಪನ್ನು ತನ್ನ ತಲೆಗೆ ಕಟ್ಟಲು ಬಂದಿದ್ದಾರೆ ಎಂದು ಅವನಿಗೆ ಖಾತ್ರಿಯಾಗಿತ್ತು. ಅಕ್ಕ ಕಬ್ಬಿಣದ ಮಂಚವನ್ನು ಸಂಶಯಿಸಿದರು, ಬೋರ್ಡನ್ನು ಅದರ ಪಕ್ಕಕ್ಕಿಟ್ಟು ನೋಡಿದರು. ಬ್ಯಾಟರಿಯನ್ನು ಸಂಶಯಿಸಿದರು, ಬದಲಿಸಿ ನೋಡಿದರು. ಎಲ್ಲ ಸಲವೂ ಗಂಟೆ ಬಾರಿಸಿತು. ಹಾಸಿಗೆಯಲ್ಲಿದ್ದ ಅಜ್ಜಿ ಕಟ್ಟು ಹಾಕಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಇಬ್ಬರನ್ನೂ ಅಪನಂಬಿಕೆಯಿಂದ ನೋಡುತ್ತಿದ್ದರು.

ಕೊನೆಗೆ ಅಕ್ಕ ಸಹಾಯಕನಿಗೆ, ದಿನಾ ಬೆಳಿಗ್ಗೆ ಏನು ಮಾಡುತ್ತೀಯೋ ಹಾಗೇ ಮಾಡಪ್ಪ, ನಾವಿಲ್ಲಿ ಇಲ್ಲ ಅಂದುಕೋ ಎಂದರು. ಅವನು ದಿನಾ ಮಾಡುವಂತೆ ಬೋರ್ಡನ್ನು ಚಾರ್ಜಿಗೆ ಹಾಕಿ, ಬಿಚ್ಚಿ ತಂದ. ಅಜ್ಜಿ ತಡಕಾಡದಿರಲಿ ಎಂದು ಅವರ ಇನ್ನೊಂದು ಕೈಯ ಬೆರಳನ್ನು ನಿಧಾನವಾಗಿ ಬಿಲ್ಲೆಯ ಮೇಲಿಟ್ಟ. ಆಮೇಲೆ ಸ್ವಿಚ್ ಹಾಕಿದ. ಅಜ್ಜಿ ಬೆರಳೆತ್ತಿ ಮುಟ್ಟಿದರು. ಗಂಟೆ ಬಾರಿಸಲಿಲ್ಲ. ಇನ್ನೊಮ್ಮೆ ಮುಟ್ಟಿದರು. ಇಲ್ಲ.

"ಅತ್ತಿಗೆ, ಬೆರಳು ಇಟ್ಟಮೇಲೆ ಸ್ವಿಚ್ ಹಾಕಿದರು" ಎಂದಳು ನಾದಿನಿ, ಮೆಲ್ಲಗೆ.

ಅಷ್ಟೇ ವಿಷಯ. ಸ್ವಿಚ್ ಹಾಕಿದ ಕ್ಷಣದಲ್ಲಿ ಬಿಲ್ಲೆ ಹೇಗಿದೆಯೋ ಅದನ್ನೇ ಚಿಪ್ 'ಯಾರೂ ಮುಟ್ಟಿಲ್ಲ' ಎಂದು ಅಂದುಕೊಳ್ಳುತ್ತದೆ. ಬೆರಳು ಆಗಲೇ ಅಲ್ಲಿದ್ದರೆ, ಆಮೇಲೆ ಎತ್ತಿ ಎಷ್ಟು ಸಲ ಇಟ್ಟರೂ ಅದಕ್ಕೆ ಹೊಸದೇನೂ ಕಾಣುವುದಿಲ್ಲ. ಸಹಾಯಕ ಆತುರದಲ್ಲಿದ್ದ ದಿನ ಮೊದಲೇ ಸ್ವಿಚ್ ಹಾಕುತ್ತಿದ್ದ, ಗಂಟೆ ಬಾರಿಸುತ್ತಿತ್ತು. ಪುರುಸೊತ್ತಿದ್ದು ಅಕ್ಕರೆಯಿಂದ ಮಾಡಿದ ದಿನವೇ ಕೆಟ್ಟಿತು. ವರ್ಕ್‌ಶಾಪಿನಲ್ಲೋ, ಅಕ್ಕ ಯಾವಾಗಲೂ ಬೋರ್ಡನ್ನು ಖಾಲಿ ಮೇಜಿನ ಮೇಲಿಟ್ಟು, ಸ್ವಿಚ್ ಹಾಕಿ, ಆಮೇಲೆಯೇ ಮುಟ್ಟುತ್ತಿದ್ದರು. ಅಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ.

ಅಕ್ಕ ಅಜ್ಜಿಯ ಬೆರಳು ಸರಿಸಿ, ಸ್ವಿಚ್ ಆರಿಸಿ, ಮತ್ತೆ ಹಾಕಿ ಕೊಟ್ಟರು. ಅಜ್ಜಿ ಮುಟ್ಟಿದರು, ಬಾರಿಸಿತು. ಇನ್ನೊಮ್ಮೆ ಮುಟ್ಟಿದರು. ದಾದಿ ಓಡಿ ಬಂದು ನಿಂತ ಮೇಲೂ ಅವರು ಮುಟ್ಟುವುದನ್ನು ನಿಲ್ಲಿಸಲಿಲ್ಲ. ಸಹಾಯಕ ಗೋಡೆಗೆ ಒರಗಿಕೊಂಡು, ನಾನು ಒಳ್ಳೇದಕ್ಕೇ ಮಾಡಿದ್ದು ಎಂದ. ಅದು ನಿನ್ನ ತಪ್ಪಲ್ಲ, ಬೋರ್ಡನ್ನು ಹೀಗೂ ಬಳಸಬಹುದು ಅಂತ ನಾನು ಯೋಚಿಸಬೇಕಿತ್ತು ಎಂದು ಅಕ್ಕ ಅವನ ಬೆನ್ನು ತಟ್ಟಿದರು.

ಬೋರ್ಡಿನ ಪ್ರೋಗ್ರಾಂ ಬರೆಯುವ ಎಂಜಿನಿಯರ್ ಹುಡುಗಿ ಕೇಳಿದ ಕೂಡಲೇ ತಲೆ ಚಚ್ಚಿಕೊಂಡು, ಸರಿಪಡಿಸಲು ಕೂತಳು. ಈಗ ಸ್ವಿಚ್ ಹಾಕುವಾಗ ಬೆರಳು ಮೇಲಿದ್ದರೆ ಬೋರ್ಡು ಚೀರಿ ಎಚ್ಚರಿಸುತ್ತದೆ. ಯಜಮಾನರು ನಾದಿನಿಯನ್ನು ಬೆಸುಗೆಯ ಮೇಜಿಗೆ ವಾಪಸ್ ಕರೆದರು. ಅವಳು ಒಂದು ಷರತ್ತು ಹಾಕಿದಳು. ಅತ್ತಿಗೆ ಸರಿ ಎಂದ ಬೋರ್ಡನ್ನು ಹೊರಗೆ ಹೋಗುವ ಮುಂಚೆ ತಾನೊಮ್ಮೆ ನೋಡುವುದು, ಅದೂ ತನಗೆ ತೋಚಿದ ರೀತಿಯಲ್ಲಿ.

ಅಕ್ಕ ಈಗಲೂ ಯಾವುದನ್ನೂ ನಂಬುವುದಿಲ್ಲ. ಚೀರುವ ಆ ಹೊಸ ಸದ್ದನ್ನೂ ಅನುಮಾನದಿಂದಲೇ ಕೇಳಿಸಿಕೊಳ್ಳುತ್ತಾರೆ. ಮುಂದೇನು ಆಸೆ ಎಂದು ಕೇಳಿದರೆ ಬೆರಳ ತುದಿ ತಿಕ್ಕಿಕೊಳ್ಳುತ್ತಾ ಹೇಳುತ್ತಾರೆ.

"ದೊಡ್ಡ ಆಸೆ ಏನಿಲ್ಲ. ಮೊನ್ನೆ ನಾನು ಸರಿ ಅಂದಿದ್ದ ಒಂದು ಬೋರ್ಡನ್ನ ನಾದಿನಿ ತಂದು ನನ್ನ ಮುಂದೆ ಇಟ್ಟಳು. ನೋಡಿದೆ, ಅದರಲ್ಲಿ ತಪ್ಪಿತ್ತು, ಅವಳೇ ಸರಿ. ನನಗೆ ಅವಮಾನ ಆಗುತ್ತೆ ಅಂದುಕೊಂಡಿದ್ದೆ. ಆದರೆ ಆವತ್ತು ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ? ನಾನು ಬಿಟ್ಟಿದ್ದನ್ನ ಹಿಡಿಯೋಕೆ ಒಬ್ಬಳಿದ್ದಾಳಲ್ಲ, ಹೀಗೇ ಇರಲಿ ಅನ್ನಿಸುತ್ತೆ."