ಫೋನಿನಲ್ಲಿ ಕೇಳಿದ ಗಂಟೆ

“ನೀವೇ ಕೇಳಿ ಹೇಳಿ. ನನ್ನ ಕಿವಿಯ ಮೇಲೆ ನನಗೆ ನಂಬಿಕೆ ಇಲ್ಲ” ಎಂದು ಮಾರ್ಕೊ ಫೋನಿನ ರಿಸೀವರನ್ನು ನನ್ನ ಕೈಗಿಟ್ಟರು. ಅದರೊಳಗೆ, ದೂರದಲ್ಲಿ ಚರ್ಚಿನ ಗಂಟೆ ಬಾರಿಸತೊಡಗಿತು.

ಕಳೆದ ಚಳಿಗಾಲದ ಒಂದು ಶುಕ್ರವಾರ, ರಜೆಯ ದಿನ. ದೋಹಾದ ವೆಸ್ಟ್ ಬೇಯಲ್ಲಿರುವ ನಮ್ಮ ಆಫೀಸಿನಲ್ಲಿ ನಾವಿಬ್ಬರೇ ಇದ್ದೆವು. ಸರ್ವೇಯರ್ ಮಾರ್ಕೊ ಸ್ವಿಟ್ಜರ್ಲೆಂಡಿನವರು. ಆಲ್ಪ್ಸ್ ಕಣಿವೆಯ ನದಿಯ ದಂಡೆಯಲ್ಲಿ ಅವರ ಪುಟ್ಟ ಊರು. ಅಲ್ಲಿನವರ ಮಾತು ಇಟಾಲಿಯನ್, ಮನೆಗಳಿಗೆ ಕಲ್ಲುಚಪ್ಪಡಿಯ ಮಾಡು. ಮಕ್ಕಳಿಲ್ಲದೆ ಶಾಲೆ ಮುಚ್ಚಿದೆಯಂತೆ. ಚಳಿಗಾಲದಲ್ಲಿ ಬೆಟ್ಟದ ನೆರಳು ಸರಿಯುವುದೇ ಇಲ್ಲವಂತೆ.

ಅಲ್ಲಿ ಅವರ ತಾಯಿ ಸಾವಿನಂಚಿನಲ್ಲಿದ್ದರು. ಮಾರ್ಕೊ ಟಿಕೆಟ್ ತೆಗೆದಿದ್ದರು. ಆದರೆ ಕತಾರ್ ಬಿಡಬೇಕಾದರೆ ನಮ್ಮ ಕಂಪನಿಯ ಮಾಲೀಕರು ಪರವಾನಗಿಗೆ ಸಹಿ ಹಾಕಬೇಕು. ಮಾಲೀಕರು ರಜೆಗೆಂದು ಮರುಭೂಮಿಯ ಡೇರೆಗೆ ಹೋಗಿದ್ದರು, ಯಾರ ಕೈಗೂ ಸಿಗುತ್ತಿರಲಿಲ್ಲ.

ಆ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಗಂಟೆ ಹೊಡೆಯುತ್ತಾರೆ. ಗಂಡಸಾದರೆ ಮೂರು ಸಲ, ಹೆಂಗಸಾದರೆ ಎರಡು. ಮಾರ್ಕೊ ಫೋನ್ ಮಾಡಿದಾಗ ಅವರ ತಂಗಿ ಬಾಯಿಬಿಟ್ಟು ಹೇಳಲಾರದೆ ರಿಸೀವರನ್ನು ಕಿಟಕಿಯಾಚೆ ಹಿಡಿದಿದ್ದಳು.

ಎರಡು ಸಲ ಬಾರಿಸಿ ನಿಂತಿತು. ಮೂರನೆಯದಕ್ಕೆ ಕಾದೆ. ಬರೀ ನದಿಯ ಸದ್ದು.

“ಎರಡು” ಎಂದೆ.

“ಖಲಾಸ್” ಎಂದರು ಮಾರ್ಕೊ. ಸಂಜೆ ಕೆಲಸ ಮುಗಿದಾಗ ನಾವೆಲ್ಲ ಹೇಳುವ ಅದೇ ಮಾತು.

ತಾಯಿಯನ್ನು ಮಣ್ಣು ಮಾಡಿದ ಮೇಲೆ ಮಾರ್ಕೊಗೆ ಸಹಿ ಬಂತು. ನನ್ನ ಪಾಸ್‌ಪೋರ್ಟೂ ಅದೇ ಮಾಲೀಕರ ಕಪಾಟಿನಲ್ಲಿದೆ. ನನ್ನೂರು ಉಳ್ಳಾಲಕ್ಕೆ ಫೋನ್ ಮಾಡಿದಾಗ ಹೆತ್ತ ಉಮ್ಮ ಉಸಿರಾಡಲು ಒಂದು ಕ್ಷಣ ಮಾತು ನಿಲ್ಲಿಸಿದರೂ, ಈಗ ನಾನು ಗಂಟೆಗಾಗಿ ಕಿವಿಗೊಡುತ್ತೇನೆ.