ಪೆಡಲ್ ಒತ್ತುವವಳು

ಶೆಫೀಲ್ಡಿನ ಡೆರಿಕ್ ಏಳು ವರ್ಷ ಗ್ಯಾರೇಜಿನಲ್ಲಿ ಕಟ್ಟಿದ ಕಾರು ಮುಗಿದಿತ್ತು. ಬ್ರೇಕಿನ ಎಣ್ಣೆಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಲು ಪೆಡಲ್ ಒತ್ತುವವರು ಬೇಕಾಗಿ, ಆಲೂಗಡ್ಡೆ ಸುಲಿಯುತ್ತಿದ್ದ ಹೆಂಡತಿ ನೊರೀನ್‌ಳನ್ನು ಕರೆದ.

“ಒತ್ತು. ಹಿಡ್ಕೋ. ಬಿಡು.”

ಕೊಳವೆಯಲ್ಲಿ ಗುಳ್ಳೆ ಬರುವುದು ನಿಂತಿತು. “ಆಯ್ತು! ಹೇಜಲ್‌ನ ಕರಿ, ಬೆಟ್ಟ ಇಳಿದು ಬರ್ತೀವಿ.”

ಅವಳ ಪಾದದಡಿ ಪೆಡಲ್ ಇನ್ನೂ ಮೆತ್ತಗೆ ತಳ ಮುಟ್ಟುತ್ತಿತ್ತು. ಇಳಿದು, ಚಕ್ರದ ಹಿಂದೆ ಬಗ್ಗಿ ನೋಡಿದಳು. ಮೇಲಿರಬೇಕಾದ ಗಾಳಿ ಬಿಡುವ ತಿರುಪು ಕೆಳಗಿತ್ತು.

“ಎಡದ ಬ್ರೇಕ್ ಬಲಕ್ಕೆ ಹಾಕಿದ್ದೀಯ. ಪ್ರತಿ ಚಳಿಗಾಲ ಮನೆ ಬೆಚ್ಚಗಿಡೋ ಬಿಸಿನೀರಿನ ರೇಡಿಯೇಟರಿನ ಗಾಳಿ ಬಿಡೋಳು ನಾನು. ಗಾಳಿ ಮೇಲೇ ನಿಂತಿರುತ್ತೆ, ಡೆರಿಕ್. ಬ್ರೇಕ್ ಹಿಡಿಯಲ್ಲ.”

“ಹೋಗಿ ರೇಡಿಯೇಟರ್ ಮೇಲೆ ಕಾಲ್ಚೀಲ ಒಣಗಿಸು, ಚಿನ್ನ.”

ಅಪ್ಪನ ಕೂಗು ಕೇಳಿ ಮಗಳು ಹೇಜಲ್ ಕೋಟು ತೊಟ್ಟು ಬಂದೇಬಿಟ್ಟಳು. ನೊರೀನ್ ಕಾರಿನ ಕೀಲಿ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

“ಹೇಜಲ್, ಒಳಗೆ ಹೋಗು.”

ಡೆರಿಕ್‌ನ ನಗು ಆರಿತು. “ಕೀಲಿ ಕೊಡು,” ಎನ್ನುತ್ತ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡದೆಯೇ ಅವಳತ್ತ ನಡೆದು ಬಂದ.